ಮುಂದಿನ ಟೈರು ಎಷ್ಟು ಅಗಲವಿರಬೇಕು?

ಶನಿವಾರ, ಭಾನುವಾರದ ಬೆಳಿಗ್ಗೆ ಹಿರಿಯೂರಿನ ಹೆದ್ದಾರಿ ಬದಿಯ ಹೋಟೆಲುಗಳ ಮುಂದೆ ಬೆಂಗಳೂರಿನ ಸ್ಪೋರ್ಟ್ಸ್ ಕಾರುಗಳು ತಿಂಡಿಗೆ ನಿಲ್ಲುವುದು ಈಗ ಹೊಸದೇನಲ್ಲ. ರಾಷ್ಟ್ರೀಯ ಹೆದ್ದಾರಿ 48 ತುಮಕೂರಿನಿಂದ ಚಿತ್ರದುರ್ಗದವರೆಗೆ ಆರು ಪಥವಾದ ಮೇಲಂತೂ ಅವು ಬರುವುದು ಹೆಚ್ಚಾಗಿದೆ. ನಿಂತ ಗಾಡಿಯ ಸುತ್ತ ನಮ್ಮ ಹುಡುಗರು ಸೇರುತ್ತಾರೆ, ಫೋಟೊ ತೆಗೆಯುತ್ತಾರೆ, ಹಿಂದಿನ ಟೈರಿಗೆ ಗೇಣು ಹಾಕಿ ಅಳೆಯುತ್ತಾರೆ. ಒಂದು ಗೇಣು ಸಾಲುವುದಿಲ್ಲ. ಆಮೇಲೆ ಚಿತ್ರದುರ್ಗದ ಯಾವುದಾದರೂ ಟೈರಿನ ಅಂಗಡಿಗೆ ಬಂದು, ‘ಅಣ್ಣ, ನನ್ನ ಸ್ವಿಫ್ಟಿಗೂ ಅಗಲದ ಟೈರ್ ಹಾಕ್ಕೊಡಿ, ಗಾಡಿ ರೋಡ್ ಹಿಡೀಬೇಕು’ ಅನ್ನುತ್ತಾರೆ.

ಗೇಣು ಹಾಕಿದವರು ಮುಂದಿನ ಚಕ್ರದ ಹತ್ತಿರಕ್ಕೂ ಹೋಗಬೇಕಿತ್ತು. ಈಗಿನ ಪೀಳಿಗೆಯ ಪೋರ್ಷೆ 911 ಕರೇರಾದ ಹಿಂದಿನ ಟೈರು 295 ಮಿಲಿಮೀಟರ್ ಅಗಲ; ಮುಂದಿನದು 235. ಕೋಟಿ ದಾಟುವ ಕಾರು, ಬೇಕೆಂದರೆ ಮುಂದೆಯೂ 295 ಹಾಕಲು ದುಡ್ಡಿನ ತೊಂದರೆಯಿಲ್ಲ. ಆದರೂ ಅವರು ಹಾಕಲಿಲ್ಲ. ಮುಂದಿನ ಟೈರಿನ ಅಗಲ ಅಂದಕ್ಕಾಗಿ ಆರಿಸುವ ಸಂಗತಿಯಲ್ಲ. ಗಾಡಿ ತಿರುವಿನಲ್ಲಿ ಹೇಗೆ ನಡೆದುಕೊಳ್ಳಬೇಕು, ಚಾಲಕನ ಕೈಗೆ ಏನು ತಿಳಿಯಬೇಕು ಎಂಬುದನ್ನು ಎಂಜಿನಿಯರುಗಳು ಬಹಳಷ್ಟು ಮಟ್ಟಿಗೆ ಅಲ್ಲಿಯೇ ತೀರ್ಮಾನಿಸಿರುತ್ತಾರೆ. ಆ ತೀರ್ಮಾನವನ್ನು ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಬದಲಿಸಿಬಿಡುವ ರೂಢಿ ನಮ್ಮಲ್ಲಿ ಬೆಳೆಯುತ್ತಿದೆ. ಅದಕ್ಕೇ ಈ ಬರಹ.

ಮೊದಲು ಟೈರಿನ ಪಕ್ಕದ ಬರಹ ನೋಡೋಣ. 185/65 ಆರ್15 ಎಂದಿದ್ದರೆ ಟೈರಿನ ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65, ಒಳಗಿನ ಡಿಸ್ಕ್ 15 ಇಂಚು. ಕೆಲವು ವರ್ಷಗಳ ಹಿಂದಿನ ಸ್ವಿಫ್ಟಿನ ಕೆಳ ದರ್ಜೆಯ ಮಾದರಿಗೆ 165/80 ಆರ್14 ಬರುತ್ತಿತ್ತು, ಮೇಲಿನ ದರ್ಜೆಗೆ 185/65 ಆರ್15. ಲೆಕ್ಕ ಹಾಕಿದರೆ ಎರಡರ ಒಟ್ಟು ಎತ್ತರ 620 ಮಿಲಿಮೀಟರಿನ ಆಸುಪಾಸು, ಹೆಚ್ಚುಕಡಿಮೆ ಒಂದೇ. ಕಂಪನಿಯೇ ಎರಡು ಅಗಲ ಕೊಟ್ಟಿದೆ ಎಂದರೆ ಅಷ್ಟರೊಳಗೆ ಆಡಲು ಜಾಗವಿದೆ ಎಂದರ್ಥ. ನಮ್ಮವರು ಹೋಗುವುದು ಅದರಾಚೆ, 205ಕ್ಕೆ, ಕೆಲವೊಮ್ಮೆ 215ಕ್ಕೆ.

ಅಗಲದ ಟೈರು ಹಾಕಿದರೆ ನೆಲಕ್ಕೆ ಹೆಚ್ಚು ರಬ್ಬರು ತಾಗುತ್ತದೆ ಎಂಬುದು ಎಲ್ಲರ ನಂಬಿಕೆ. ಇದನ್ನು ಮನೆಯಂಗಳದಲ್ಲೇ ಪರೀಕ್ಷಿಸಬಹುದು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ. ಟೈರಿನ ತಳಕ್ಕೆ ಮಸಿ ಬಳಿದು, ಕೆಳಗೆ ರಟ್ಟಿನ ತುಂಡಿಟ್ಟು ನಿಧಾನಕ್ಕೆ ಇಳಿಸಿ, ಮತ್ತೆ ಎತ್ತಿ. ರಟ್ಟಿನ ಮೇಲೆ ಬಿದ್ದ ಅಚ್ಚು ನೋಡಿದವರು ಬೆರಗಾಗುತ್ತಾರೆ. ಅಷ್ಟು ದೊಡ್ಡ ಗಾಡಿ ಆ ಮೂಲೆಯಲ್ಲಿ ನಿಂತಿರುವುದು ಅಂಗೈಗಿಂತ ತುಸು ದೊಡ್ಡದಾದ ಜಾಗದ ಮೇಲೆ. ಸ್ವಿಫ್ಟಿನಂಥ ಗಾಡಿಯ ಮುಂದಿನ ಒಂದು ಚಕ್ರದ ಮೇಲೆ ಸುಮಾರು 300 ಕಿಲೊ ಭಾರ ಇದೆ ಎಂದುಕೊಳ್ಳಿ. ಟೈರಿನಲ್ಲಿ 32 ಪಾಯಿಂಟ್ ಗಾಳಿ ಇದ್ದರೆ ಅದು ಪ್ರತಿ ಚದರ ಸೆಂಟಿಮೀಟರಿಗೆ 2.25 ಕಿಲೊ ಹೊರುತ್ತದೆ. ಭಾಗಿಸಿದರೆ ಬರುವುದು ಸುಮಾರು 133 ಚದರ ಸೆಂಟಿಮೀಟರ್. ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. ಅಚ್ಚಿನ ವಿಸ್ತೀರ್ಣವನ್ನು ನಿರ್ಧರಿಸುವುದು ಭಾರ ಮತ್ತು ಗಾಳಿ. ಪಕ್ಕದ ಗೋಡೆಯ ಬಿಗಿಯಿಂದ ಅಲ್ಪಸ್ವಲ್ಪ ವ್ಯತ್ಯಾಸವಾದೀತು, ಅಷ್ಟೆ.

ಬದಲಾಗುವುದು ಅಚ್ಚಿನ ಆಕಾರ. ನೆಲಕ್ಕೆ ತಾಗುವ ಅಗಲ ಹನ್ನೆರಡೂವರೆ ಸೆಂಟಿಮೀಟರ್ ಇದ್ದಾಗ ಅಚ್ಚಿನ ಉದ್ದ ಹತ್ತೂವರೆಯಷ್ಟು. ಅಗಲ ಹದಿನಾರೂವರೆ ಆದರೆ ಉದ್ದ ಎಂಟಕ್ಕೆ ಇಳಿಯುತ್ತದೆ. ಗಾಡಿ ಸಾಗುವ ದಿಕ್ಕಿನಲ್ಲಿ ಗಿಡ್ಡ, ಅಡ್ಡಕ್ಕೆ ಉದ್ದ. ಸ್ಟೀರಿಂಗಿನಲ್ಲಿ ನಮಗೆ ಅನುಭವಕ್ಕೆ ಬರುವ ಒಳಿತು ಕೆಡುಕುಗಳಲ್ಲಿ ಹೆಚ್ಚಿನವು ಈ ಆಕಾರದಿಂದ ಹುಟ್ಟುತ್ತವೆ.

ಒಳಿತನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ತಿರುವಿನಲ್ಲಿ ಟೈರು ಮುಖ ಮಾಡಿದ ದಿಕ್ಕು ಒಂದು, ಗಾಡಿ ನಿಜಕ್ಕೂ ಹೋಗುವ ದಿಕ್ಕು ಅದಕ್ಕಿಂತ ತುಸು ಬೇರೆ. ಈ ಕೋನಕ್ಕೆ ಸ್ಲಿಪ್ ಆ್ಯಂಗಲ್ ಎನ್ನುತ್ತಾರೆ. ರಬ್ಬರು ಅಷ್ಟು ತಿರುಚಿಕೊಂಡಾಗಲೇ ಅಡ್ಡ ಹಿಡಿತ ಹುಟ್ಟುವುದು. ಅಗಲದ, ಗಿಡ್ಡ ಗೋಡೆಯ ಟೈರು ಕಡಿಮೆ ಕೋನದಲ್ಲೇ ಹೆಚ್ಚು ಹಿಡಿತ ಕೊಡುತ್ತದೆ, ಹಾಗಾಗಿ ಸ್ಟೀರಿಂಗ್ ತಿರುಗಿಸಿದೊಡನೆ ಮೂತಿ ತಿರುಗುತ್ತದೆ. ಇನ್ನೊಂದು ಕಾರಣವೂ ಇದೆ. ಘರ್ಷಣೆಗೂ ತಾಗುವ ಜಾಗದ ವಿಸ್ತೀರ್ಣಕ್ಕೂ ಸಂಬಂಧವಿಲ್ಲ ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ. ಕಬ್ಬಿಣಕ್ಕೆ, ಮರಕ್ಕೆ ಅದು ಸರಿ. ರಬ್ಬರು ಹಾಗಲ್ಲ. ರಬ್ಬರಿನ ಮೇಲೆ ಒತ್ತಡ ಹೆಚ್ಚಿದಷ್ಟೂ, ಪ್ರತಿ ಕಿಲೊ ಭಾರಕ್ಕೆ ಸಿಗುವ ಹಿಡಿತ ಇಳಿಯುತ್ತದೆ. ತಿರುವಿನಲ್ಲಿ ಹೊರಗಿನ ಮುಂದಿನ ಚಕ್ರದ ಮೇಲೆ ಭಾರ ಕವುಚಿ ಬೀಳುವಾಗ ಅಗಲದ ಟೈರು ಅದನ್ನು ರಬ್ಬರಿನ ಮೇಲೆ ಹೆಚ್ಚು ಸಮನಾಗಿ ಹಂಚಿಕೊಳ್ಳುತ್ತದೆ, ಬೇಗ ಕಾಯುವುದೂ ಇಲ್ಲ. ಒಣಗಿದ, ನುಣುಪಾದ ಟಾರು, ಗಂಟೆಗೆ ನೂರಕ್ಕೂ ಮೇಲೆ ವೇಗ, ಒಳ್ಳೆಯ ರಬ್ಬರು ಇವಿಷ್ಟೂ ಕೂಡಿದಲ್ಲಿ ಅಗಲ ಗೆಲ್ಲುತ್ತದೆ. ರೇಸಿನ ಟ್ರ್ಯಾಕಿನಲ್ಲಿ ಇವೆಲ್ಲ ಕೂಡುತ್ತವೆ.

ಇನ್ನು ಕೈಗೆ ಏನಾಗುತ್ತದೆ ನೋಡಿ. ತಿರುವು ಮುಗಿದು ಕೈ ಸಡಿಲಿಸಿದರೆ ಸ್ಟೀರಿಂಗ್ ತಾನೇ ನೇರಕ್ಕೆ ಬರುತ್ತದಲ್ಲ, ಅದಕ್ಕೆ ಮುಂದಿನ ಚಕ್ರದ ಜೋಡಣೆಯ ಓರೆ ಒಂದು ಕಾರಣ, ಟೈರಿನ ಅಚ್ಚು ಇನ್ನೊಂದು. ಅಡ್ಡ ಹಿಡಿತದ ಬಲ ಅಚ್ಚಿನ ನಟ್ಟನಡುವೆ ಹುಟ್ಟುವುದಿಲ್ಲ, ತುಸು ಹಿಂದಕ್ಕೆ ಹುಟ್ಟುತ್ತದೆ. ಆ ಹಿಂದೆ ಬಿದ್ದ ದೂರವೇ ಚಕ್ರವನ್ನು ನೇರಕ್ಕೆ ಎಳೆಯುವ ಸನ್ನೆ. ಹಿಡಿತದ ಮಿತಿ ಹತ್ತಿರವಾದಂತೆ ಈ ದೂರ ಕುಗ್ಗುತ್ತದೆ, ಸ್ಟೀರಿಂಗ್ ಕೈಯಲ್ಲಿ ಹಗುರಾಗುತ್ತದೆ. ಟೈರು ಜಾರುವ ಮೊದಲೇ ಚಾಲಕನಿಗೆ ಸಿಗುವ ಎಚ್ಚರಿಕೆ ಇದು. ಉದ್ದನೆಯ ಅಚ್ಚಿನಲ್ಲಿ ಈ ಬದಲಾವಣೆ ನಿಧಾನವಾಗಿ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಗಿಡ್ಡ ಅಚ್ಚಿನಲ್ಲಿ ದೂರವೇ ಕಡಿಮೆ, ಮಿತಿಯೂ ಚಿಕ್ಕ ಕೋನದಲ್ಲೇ ಬಂದುಬಿಡುತ್ತದೆ. ಹಿಡಿತ ಬಿಡುವುದು ಸಹ ಥಟ್ಟನೆ. ಹಿಡಿತ ಹೆಚ್ಚು, ಸೂಚನೆ ಕಡಿಮೆ. ನುರಿತ ರೇಸ್ ಚಾಲಕನಿಗೆ ಅದು ಒಪ್ಪಿಗೆಯಾದೀತು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವನಿಗೆ ಸೂಚನೆಯೇ ಮುಖ್ಯ ಎಂದು ನಾನು ತಿಳಿದಿದ್ದೇನೆ.

ಈ ಸೂಚನೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಸ್ಪೋರ್ಟ್ಸ್ ಕಾರು ಟೊಯೊಟಾ ಜಿಟಿ86. 2012ರಲ್ಲಿ ಬಂದ ಈ ಕಾರಿಗೆ ನಾಲ್ಕೂ ಕಡೆ 215 ಅಗಲದ ಸಾಧಾರಣ ಟೈರು ಕೊಟ್ಟರು. ಪ್ರಿಯಸ್ ಎಂಬ ಹೈಬ್ರಿಡ್ ಕಾರಿಗೆ ಬರುತ್ತಿದ್ದಂಥದೇ. ಕಡಿಮೆ ವೇಗದಲ್ಲೇ ಗಾಡಿ ತನ್ನ ಮಿತಿಯನ್ನು ಚಾಲಕನಿಗೆ ತಿಳಿಸಲಿ ಎಂಬುದು ಉದ್ದೇಶ. ಮಾಜ್ದಾ ಎಂಎಕ್ಸ್-5 ಇನ್ನೂ ಮುಂದೆ ಹೋಗಿ 195ಕ್ಕೆ, 205ಕ್ಕೆ ನಿಂತಿತು. ಸ್ಟೀರಿಂಗ್ ಚೆನ್ನಾಗಿದೆ ಎಂದು ಜಗತ್ತಿನ ಕಾರು ಪರೀಕ್ಷಕರು ಹೊಗಳುವ ಗಾಡಿಗಳ ಸಾಲಿನಲ್ಲಿ ಇವೆರಡೂ ಇವೆ.

ಇಷ್ಟು ಹೊತ್ತು ಒಂದೇ ಚಕ್ರದ ಮಾತಾಯಿತು. ಗಾಡಿಗೆ ಬೇಕಾದದ್ದು ಮುಂದಿನ ಹಿಡಿತಕ್ಕೂ ಹಿಂದಿನ ಹಿಡಿತಕ್ಕೂ ನಡುವಿನ ಹೊಂದಾಣಿಕೆ. ಮುಂದಿನದು ಮೊದಲು ಸೋತರೆ ಗಾಡಿ ತಿರುಗದೆ ನೇರ ನುಗ್ಗುತ್ತದೆ. ಕಾಲು ತೆಗೆದರೆ ಬಹುಪಾಲು ಹತೋಟಿಗೆ ಬರುತ್ತದೆ. ಹಿಂದಿನದು ಮೊದಲು ಸೋತರೆ ಬಾಲ ಬೀಸಿ ಗಾಡಿ ಗಿರಕಿ ಹೊಡೆಯುತ್ತದೆ. ಸಾಮಾನ್ಯ ಚಾಲಕನ ಕೈಯಲ್ಲಿ ಅದು ನಿಲ್ಲುವುದಿಲ್ಲ. ಪೋರ್ಷೆ ಕಂಪನಿ ಇದನ್ನು ಕಷ್ಟಪಟ್ಟು ಕಲಿತಿತು. 911ರ ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದಿದೆ. 1960ರ ದಶಕದ ಮೊದಲ ಗಾಡಿಗಳಿಗೆ ನಾಲ್ಕೂ ಕಡೆ 165 ಅಗಲದ ಟೈರೇ ಇತ್ತು, ತಿರುವಿನಲ್ಲಿ ಬಾಲ ಬೀಸುತ್ತಿದ್ದವು. ಮುಂದಿನ ಬಂಪರಿನ ಮೂಲೆಗಳಲ್ಲಿ ಎರಕದ ಕಬ್ಬಿಣದ ತೂಕ ಕೂರಿಸಿದರು, ಆಮೇಲೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ 57 ಮಿಲಿಮೀಟರ್ ಹೆಚ್ಚಿಸಿದರು. 1973ರ ಕರೇರಾ ಆರ್‌ಎಸ್ 2.7ರಲ್ಲಿ ಮುಂದೆ 185, ಹಿಂದೆ 215 ಎಂದು ಬೇರೆ ಬೇರೆ ಅಗಲ ಕೊಟ್ಟರು. ಈಗಿನ 235 ಮತ್ತು 295 ಅದೇ ದಾರಿಯಲ್ಲಿ ಬಂದವು.

ಫಾರ್ಮುಲಾ ಒನ್‌ನಲ್ಲೂ ಇದೇ ಆಯಿತು. 2009ರಲ್ಲಿ ಗೀರಿನ ಟೈರು ಹೋಗಿ ನುಣುಪು ಟೈರು ಮರಳಿದಾಗ ಹಿಡಿತ ಮುಂದಿನ ಚಕ್ರಗಳಲ್ಲಿ ಮಿತಿಮೀರಿ, ಹಿಂದಿನದಕ್ಕೆ ಹೊಂದದೆ ಹೋಯಿತು. 2010ಕ್ಕೆ ಮುಂದಿನ ಟೈರನ್ನು 270ರಿಂದ 245 ಮಿಲಿಮೀಟರಿಗೆ ಕಿರಿದು ಮಾಡಿದರು. ಜಗತ್ತಿನ ಅತಿ ವೇಗದ ಗಾಡಿಗಳೇ ಮುಂದಿನ ಟೈರನ್ನು ಕಿರಿದು ಮಾಡಿಕೊಂಡ ಪ್ರಸಂಗ ಇದು.

ನಮ್ಮಲ್ಲಿ ನಡೆಯುವುದು ಇದರ ತಿರುಗುಮುರುಗು. ಮುಂದಿನ ಚಕ್ರವೇ ಎಳೆಯುವ ಕಾರುಗಳಲ್ಲಿ ಮುಂದಿನ ಟೈರು ಬೇಗ ಸವೆಯುತ್ತದೆ. ನಾಲ್ಕಕ್ಕೂ ದುಡ್ಡಿಲ್ಲದವರು ಎರಡೇ ಹೊಸ ಟೈರು ತಂದು, ಹೇಗೂ ಹಾಕುತ್ತೇವಲ್ಲ ಎಂದು ಒಂದು ಅಳತೆ ಅಗಲದ್ದನ್ನೇ ಮುಂದಕ್ಕೆ ಹಾಕಿಸುತ್ತಾರೆ. ಹಿಂದೆ ಸವೆದ 165, ಮುಂದೆ ಹೊಸ 185. ಒಣ ರಸ್ತೆಯಲ್ಲಿ ಗಾಡಿ ಚುರುಕಾಗಿದೆ ಅನ್ನಿಸುತ್ತದೆ. ಮಳೆ ಬಿದ್ದ ದಿನ, ತಿರುವಿನಲ್ಲಿ ಒಮ್ಮೆ ಬ್ರೇಕ್ ಮೇಲೆ ಕಾಲಿಟ್ಟರೆ ಸಾಕು, ಮುಂದಿನದು ಕಚ್ಚಿಕೊಂಡು ಹಿಂದಿನದು ಜಾರುತ್ತದೆ. ಎರಡೇ ಹೊಸ ಟೈರು ಕೊಳ್ಳುವುದಾದರೆ ಹೊಸದನ್ನು ಹಿಂದಕ್ಕೆ ಹಾಕಿ, ಹಿಂದಿದ್ದ ಒಳ್ಳೆಯದನ್ನು ಮುಂದಕ್ಕೆ ತನ್ನಿ ಎಂದು ದೊಡ್ಡ ಟೈರು ಕಂಪನಿಗಳು ಹೇಳುವುದು ಇದಕ್ಕೇ.

ಮಳೆಯ ಮಾತು ಬಂತು. ಬರದ ಜಿಲ್ಲೆಯಲ್ಲಿ ಮಳೆಯ ಚಿಂತೆ ಏಕೆ ಎನ್ನುವವರಿಗೆ 2022ರ ಸೆಪ್ಟೆಂಬರ್ ನೆನಪಿರಬೇಕು. 1933ರ ಬಳಿಕ, 89 ವರ್ಷಕ್ಕೆ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದ ವರ್ಷ ಅದು. ನಮ್ಮಲ್ಲಿ ಮಳೆ ವರ್ಷವಿಡೀ ಹಂಚಿಕೊಂಡು ಬರುವುದಿಲ್ಲ, ಬಂದಾಗ ಒಮ್ಮೆಲೇ ಸುರಿಯುತ್ತದೆ. ಆಗ ರಸ್ತೆಯ ಮೇಲೆ ನಿಂತ ನೀರನ್ನು ಪಕ್ಕಕ್ಕೆ ತಳ್ಳಲಾಗದೆ ಟೈರು ನೀರಿನ ಮೇಲೆ ತೇಲುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಅಮೆರಿಕದ ನಾಸಾ ಸಂಸ್ಥೆಯಲ್ಲಿ ವಾಲ್ಟರ್ ಹಾರ್ನ್ 1960ರ ದಶಕದಲ್ಲಿ ವಿಮಾನದ ಟೈರುಗಳನ್ನು ಪರೀಕ್ಷಿಸಿ ಇದಕ್ಕೊಂದು ಸೂತ್ರ ಕೊಟ್ಟರು. ಆ ಸೂತ್ರದ ಪ್ರಕಾರ 32 ಪಾಯಿಂಟ್ ಗಾಳಿಯಿದ್ದರೆ ತೇಲುವ ವೇಗ ಗಂಟೆಗೆ ಸುಮಾರು 94 ಕಿಲೊಮೀಟರ್; ಗಾಳಿ 25ಕ್ಕೆ ಇಳಿದಿದ್ದರೆ 83. ಮುಂದೆ ಅದೇ ಹಾರ್ನ್ ಅಚ್ಚಿನ ಆಕಾರವನ್ನೂ ಲೆಕ್ಕಕ್ಕೆ ತಂದರು. ಅಗಲ ಹೆಚ್ಚಿ ಉದ್ದ ಕಡಿಮೆಯಾದಷ್ಟೂ ಟೈರು ಇನ್ನೂ ಕಡಿಮೆ ವೇಗದಲ್ಲೇ ತೇಲುತ್ತದೆ. ಹಿರಿಯೂರು–ಚಿತ್ರದುರ್ಗದ ನಡುವೆ ಮಳೆಯಲ್ಲೂ ನೂರಕ್ಕೆ ಇಳಿಯದವರು ಈ ಅಂಕಿಗಳನ್ನು ಮನಸ್ಸಿಗೆ ತಂದುಕೊಳ್ಳಲಿ.

ಹೆದ್ದಾರಿಯಿಂದ ಇಳಿದರೆ ಕತೆ ಬೇರೆ. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಕಡೆ ಅದಿರಿನ ಲಾರಿ ಓಡಾಡಿದ ರಸ್ತೆಗಳಲ್ಲಿ ಟಾರು ಅದುಮಿ ಎರಡು ಉದ್ದನೆಯ ತಗ್ಗು ಬಿದ್ದಿರುತ್ತವೆ. ಕಿರಿದಾದ ಟೈರು ಆ ತಗ್ಗಿನೊಳಗೆ ಸುಮ್ಮನೆ ಸಾಗುತ್ತದೆ. ಅಗಲದ ಟೈರಿನ ಒಂದು ಅಂಚು ತಗ್ಗಿನ ದಡ ಹತ್ತುತ್ತದೆ, ಇನ್ನೊಂದು ಅಂಚು ಕೆಳಗಿರುತ್ತದೆ. ಸ್ಟೀರಿಂಗ್ ತಾನೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯುತ್ತದೆ. ಅಲೈನ್‌ಮೆಂಟ್ ಕೆಟ್ಟಿದೆ ಎಂದು ಜನ ಅಂಗಡಿಗೆ ಬರುತ್ತಾರೆ. ಯಂತ್ರಕ್ಕೆ ಹಾಕಿ ನೋಡಿದರೆ ಅಲೈನ್‌ಮೆಂಟ್ ಸರಿಯಾಗೇ ಇರುತ್ತದೆ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ, ಅದರ ಬಗ್ಗೆ ನಮ್ಮ ಊರಿನಲ್ಲಿ ಯಾರೂ ಮಾತಾಡುವುದಿಲ್ಲ. ಹೊಸದುರ್ಗದ ಹಳ್ಳಿ ರಸ್ತೆಯಲ್ಲಿ ಎದುರಿಗೆ ಬಸ್ಸು ಬಂದರೆ ಏನು ಮಾಡುತ್ತೀರಿ? ಎಡಗಡೆಯ ಎರಡು ಚಕ್ರಗಳನ್ನು ಟಾರಿನಿಂದ ಮಣ್ಣಿಗೆ ಇಳಿಸಿ ಬ್ರೇಕ್ ಹಾಕುತ್ತೀರಿ. ಆ ಕ್ಷಣ ಎಡಗಡೆ ಸಡಿಲ ಮಣ್ಣು, ಜಲ್ಲಿ. ಬಲಗಡೆ ಗಟ್ಟಿ ಟಾರು. ಬ್ರೇಕ್ ಬಲಗಡೆಯೇ ಹೆಚ್ಚು ಹಿಡಿಯುತ್ತದೆ, ಗಾಡಿ ಬಲಕ್ಕೆ, ಅಂದರೆ ಬಸ್ಸಿನ ಕಡೆಗೆ ತಿರುಗಲು ನೋಡುತ್ತದೆ. ಇದನ್ನು ಕಾರು ರೂಪಿಸಿದವರು ಮೊದಲೇ ಯೋಚಿಸಿದ್ದಾರೆ. ಮುಂದಿನ ಚಕ್ರ ಎಡಬಲಕ್ಕೆ ಹೊರಳುವುದು ಒಂದು ಓರೆ ಅಕ್ಷದ ಸುತ್ತ. ಲಾರಿಯಲ್ಲಿ ಆ ಜಾಗದಲ್ಲಿರುವುದು ಕಿಂಗ್‌ಪಿನ್. ಆ ಅಕ್ಷವನ್ನು ಕೆಳಕ್ಕೆ ಎಳೆದರೆ ಅದು ಟೈರಿನ ಅಚ್ಚಿನ ನಡುಗೆರೆಗಿಂತ ತುಸು ಹೊರಗೆ ನೆಲ ಮುಟ್ಟುವಂತೆ ಮುಂಚಕ್ರ ಚಾಲನೆಯ ಹಲವು ಕಾರುಗಳಲ್ಲಿ ಮಾಡಿರುತ್ತಾರೆ. ಆಗ ಬಲಗಡೆಯ ಜೋರು ಬ್ರೇಕು ಆ ಚಕ್ರವನ್ನು ತಾನಾಗಿಯೇ ಒಳಕ್ಕೆ, ಎಡಕ್ಕೆ ಹೊರಳಿಸುತ್ತದೆ. ಚಾಲಕನಿಗೆ ಗೊತ್ತಾಗದಂತೆಯೇ ಗಾಡಿ ನೇರ ನಿಲ್ಲುತ್ತದೆ.

ಈಗ ಅಗಲದ ಟೈರು ಒಳಗಡೆ ತಾಗಬಾರದೆಂದು ಹೊರಕ್ಕೆ ಚಾಚಿದ ಅಲಾಯ್ ವೀಲ್ ಹಾಕಿಸಿದ್ದೀರಿ ಎಂದುಕೊಳ್ಳಿ. ವೀಲಿನ ಮೇಲೆ ಇ.ಟಿ. ಎಂದು ಒಂದು ಸಂಖ್ಯೆ ಇರುತ್ತದೆ. ಅದು 45 ಇದ್ದದ್ದು 35 ಆದರೆ ಚಕ್ರ 10 ಮಿಲಿಮೀಟರ್ ಹೊರಕ್ಕೆ ಬಂತು. ಚಕ್ರದ ಜೊತೆ ಅಚ್ಚಿನ ನಡುಗೆರೆಯೂ ಹೊರಕ್ಕೆ ಬಂತು, ಅಕ್ಷ ಮಾತ್ರ ಇದ್ದಲ್ಲೇ ಇದೆ. ಹೀಗೆ ಹೊರಕ್ಕೆ ಹೋಗುತ್ತ ನಡುಗೆರೆ ಅಕ್ಷವನ್ನು ದಾಟಿತೆಂದರೆ ಅದೇ ಬ್ರೇಕು ಚಕ್ರವನ್ನು ಉಲ್ಟಾ, ಬಲಕ್ಕೆ ಹೊರಳಿಸುತ್ತದೆ. ಎದುರಿಗೆ ಬಸ್ಸು ಬರುತ್ತಿರುವಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡಂತಾಗುವುದು ಹೀಗೆ. ಸ್ಪೇಸರ್ ಹಾಕಿಸಿದರೂ ಇದೇ ಫಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ತಯಾರಕರ ವಿವರಕ್ಕೆ ವ್ಯತಿರಿಕ್ತವಾಗಿ ವಾಹನ ಬದಲಿಸುವುದನ್ನು ತಡೆಯುತ್ತದೆ. ದಂಡದ ಭಯಕ್ಕೆ ಪಾಲಿಸುವವರು ಪಾಲಿಸಲಿ, ನನಗೆ ಈ ಬಸ್ಸಿನ ಭಯವೇ ದೊಡ್ಡದು.

ಸಡಿಲ ನೆಲದಲ್ಲಿ ದಿಕ್ಕು ಹಿಡಿಯಲು ಕಿರಿದಾದ ಮುಂಚಕ್ರ ಬೇಕೆಂಬುದು ನಮ್ಮ ರೈತರಿಗೆ ಟ್ರ್ಯಾಕ್ಟರಿನಿಂದ ಗೊತ್ತೇ ಇದೆ. ಹಿಂದೆ 13.6 ಇಂಚಿನ ದೊಡ್ಡ ಟೈರು, ಮುಂದೆ ಆರು ಇಂಚಿನದು, ಅದರ ಸುತ್ತ ಎದ್ದುನಿಂತ ಪಟ್ಟಿ. ಹಿರಿಯೂರಿನ ಎರೆ ಹೊಲದಲ್ಲಿ ಹದ ಹೆಚ್ಚಾದಾಗಲೂ ಆ ಪಟ್ಟಿ ಮಣ್ಣಿನೊಳಗಿಳಿದು ಅಡ್ಡ ಹಿಡಿಯುತ್ತದೆ. ವಿಶ್ವ ರ್ಯಾಲಿ ಚಾಂಪಿಯನ್‌ಷಿಪ್‌ನಲ್ಲೂ ಟಾರಿನ ಮೇಲೆ 235 ಅಗಲದ ಟೈರು ಹಾಕುವ ಕಾರುಗಳು ಜಲ್ಲಿ ಮಣ್ಣಿನ ದಾರಿಗೆ ಬಂದಾಗ 205ಕ್ಕೆ ಇಳಿಯುತ್ತವೆ.

ನಮ್ಮ ಜಿಲ್ಲೆಯಲ್ಲೇ ಇನ್ನೂ ದೊಡ್ಡ ಉದಾಹರಣೆಯೊಂದು ನಡೆದುಹೋಗಿದೆ. 2024ರ ಜೂನ್ 23ರಂದು ಚಳ್ಳಕೆರೆ ಬಳಿಯ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ ಇಸ್ರೋದ ಮರುಬಳಕೆಯ ಉಡಾವಣಾ ವಾಹನ ಪುಷ್ಪಕ್, ನಾಲ್ಕೂವರೆ ಕಿಲೊಮೀಟರ್ ಎತ್ತರದಿಂದ ಬಿಡುಗಡೆಯಾಗಿ ತಾನೇ ದಾರಿ ಹಿಡಿದು ಬಂದು ರನ್‌ವೇಯಲ್ಲಿ ಇಳಿಯಿತು. ನೆಲ ಮುಟ್ಟಿದ ವೇಗ ಗಂಟೆಗೆ 320 ಕಿಲೊಮೀಟರಿಗೂ ಹೆಚ್ಚು. ಪ್ಯಾರಾಚೂಟ್ ಅದನ್ನು ನೂರರ ಹತ್ತಿರಕ್ಕೆ ಇಳಿಸಿದ ಮೇಲೆ ಬ್ರೇಕು ಕೆಲಸಕ್ಕೆ ಬಂತು. ರನ್‌ವೇಯ ಮೇಲೆ ಅಷ್ಟು ಹೊತ್ತೂ ದಿಕ್ಕು ತಪ್ಪದಂತೆ ನೋಡಿಕೊಂಡದ್ದು ಬಾಲದ ರಡ್ಡರು ಮತ್ತು ಮೂತಿಯ ಚಕ್ರ. ವಿಮಾನಗಳಲ್ಲಿ ಸಾಮಾನ್ಯವಾಗಿ ಮೂತಿಯ ಚಕ್ರ ಹೊರುವುದು ಒಟ್ಟು ಭಾರದ ಹತ್ತನೇ ಒಂದರ ಆಸುಪಾಸು ಮಾತ್ರ. ಭಾರ ಹೊರುವ ಕೆಲಸ ಒಂದಕ್ಕೆ, ದಿಕ್ಕು ತೋರುವ ಕೆಲಸ ಇನ್ನೊಂದಕ್ಕೆ. ಕಾರಿನ ಮುಂದಿನ ಚಕ್ರಕ್ಕೆ ಈ ಅನುಕೂಲವಿಲ್ಲ; ಎಂಜಿನ್ನಿನ ಭಾರ, ಬ್ರೇಕಿನ ಬಹುಪಾಲು, ಎಳೆಯುವ ಕೆಲಸ, ದಿಕ್ಕು ಎಲ್ಲವೂ ಅದರ ಮೇಲೆಯೇ. ಅದರ ಅಳತೆಯನ್ನು ಬದಲಿಸುವ ಮುನ್ನ ಯೋಚಿಸಬೇಕಾದದ್ದು ಅದಕ್ಕೇ.

ಹಾಗಾದರೆ ಏನು ಮಾಡಬೇಕು? ಕಂಪನಿ ನಿಮ್ಮ ಮಾದರಿಯ ಮೇಲಿನ ದರ್ಜೆಗೆ ಕೊಟ್ಟ ಅಗಲಕ್ಕೆ, ಅದೇ ಇ.ಟಿ.ಯ ವೀಲಿನೊಂದಿಗೆ, ನಾಲ್ಕನ್ನೂ ಒಟ್ಟಿಗೆ ಬದಲಿಸುವುದಾದರೆ ಬದಲಿಸಿ. ಅದರಾಚೆ ಹೋಗಬೇಡಿ. ಅಗಲಕ್ಕೆ ಕೊಡುವ ದುಡ್ಡನ್ನು ಅದೇ ಅಳತೆಯ ಒಳ್ಳೆಯ ರಬ್ಬರಿಗೆ ಕೊಡಿ. ಜೋಗಿಮಟ್ಟಿಯ ತಿರುವುಗಳಲ್ಲೂ ಹೆದ್ದಾರಿಯ ಮಳೆಯಲ್ಲೂ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. ಗೀರಿನ ಆಳ 1.6 ಮಿಲಿಮೀಟರ್ ಸೂಚಿಸುವ ಗುಬಟು ಟೈರಿನ ಗೀರಿನೊಳಗೇ ಇದೆ, ರಬ್ಬರು ಸವೆದು ಅದರ ಮಟ್ಟಕ್ಕೆ ಬಂದರೆ ಟೈರು ಮುಗಿಯಿತು. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಟೈರಿನ ಅಳತೆ ಮತ್ತು ಗಾಳಿಯ ಚೀಟಿ ಅಂಟಿಸಿರುತ್ತಾರೆ. ಈ ವಾರ ಒಮ್ಮೆ ಅದನ್ನು ಓದಿ, ಬೆಳಿಗ್ಗೆ ಗಾಡಿ ಓಡಿಸುವ ಮುಂಚೆ, ಟೈರು ತಣ್ಣಗಿರುವಾಗ, ನಾಲ್ಕರ ಗಾಳಿಯನ್ನೂ ಅದಕ್ಕೆ ಹೋಲಿಸಿ ನೋಡಿ.